ವ್ಯುತ್ಪತ್ತಿಯ ಪರೀಕ್ಷೆ: ದೃಶ್ಯಮಾಧ್ಯಮ ಕೃತಿಗಳ ಪೂರ್ವಸಿದ್ಧತೆಯಲ್ಲಿ ಸಂಶೋಧನೆಯ ಸ್ಥಾನ

೧

ಕಾವ್ಯಕ್ಕೆ ಕಾರಣವಾದವುಗಳನ್ನು ಎಣಿಸುವಾಗ ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನು ಹೇಳಿದರು. ಇವುಗಳಲ್ಲಿ ಪ್ರತಿಭೆಯನ್ನು ಕುರಿತು ನಡೆದಷ್ಟು ಚರ್ಚೆ ಉಳಿದೆರಡನ್ನು ಕುರಿತು ನಡೆದಂತಿಲ್ಲ. ವ್ಯುತ್ಪತ್ತಿಯೆಂದರೆ ಬಹುಜ್ಞತೆ; ಲೋಕ, ಶಾಸ್ತ್ರ, ಕಾವ್ಯ ಮೊದಲಾದವುಗಳ ಅವಲೋಕನದಿಂದ ಒದಗುವ ನೈಪುಣ್ಯವೆಂಬುದು ಮಮ್ಮಟನ ಅಭಿಪ್ರಾಯ. ಕವಿಗೆ ಇದು ಬೇಕೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಇದು ಕೃತಿಯೊಳಕ್ಕೆ ಯಾವ ದಾರಿಯಿಂದ ಬರುತ್ತದೆ, ಬಂದ ಮೇಲೆ ಅಲ್ಲಿ ಯಾವ ಕೆಲಸವನ್ನು ಮಾಡುತ್ತದೆ ಎಂಬ ಪ್ರಶ್ನೆಯನ್ನು ಕೇಳುವುದು ಕಷ್ಟವಾಗಿತ್ತು. ಕವಿಯ ಬಹುಜ್ಞತೆ ಅವನ ಮನಸ್ಸಿನಲ್ಲಿಯೇ ಇದ್ದು, ನಮಗೆ ಕಾಣುವುದು ಮುಗಿದ ಕಾವ್ಯವೊಂದೇ ಆಗಿದ್ದುದು ಇದಕ್ಕೆ ಕಾರಣ.

ಚಲಚ್ಚಿತ್ರ, ದೂರದರ್ಶನ, ಬಾನುಲಿಗಳು ಈ ಸ್ಥಿತಿಯನ್ನು ಬದಲಾಯಿಸಿವೆ. ಇವು ಹಲವರು ಕೂಡಿ, ಹಣ ಹೂಡಿ, ದಿನ ಗೊತ್ತುಮಾಡಿಕೊಂಡು ನಡೆಸಬೇಕಾದ ಕೆಲಸಗಳು. ಇಲ್ಲಿ ಕರ್ತೃವಿನ ಅರಿವು ಅವನೊಬ್ಬನ ಗುಟ್ಟಾಗಿ ಉಳಿಯುವಂತಿಲ್ಲ. ಕಡತಗಳಲ್ಲಿ, ರೇಖಾಚಿತ್ರಗಳಲ್ಲಿ, ಚಿತ್ರಕಥೆಯ ಕರಡುಗಳಲ್ಲಿ ಅದು ಹೊರಗೆ ಬಂದು ನಿಲ್ಲುತ್ತದೆ. ಆದ್ದರಿಂದ ವ್ಯುತ್ಪತ್ತಿಯು ಕೃತಿಯಾಗಿ ಪರಿಣಮಿಸುವ ಕ್ರಮವನ್ನು ವಿಮರ್ಶಕನು ಸ್ವಲ್ಪಮಟ್ಟಿಗಾದರೂ ಹಿಂಬಾಲಿಸಬಹುದಾಗಿದೆ.

ಈ ಪರಿಶೀಲನೆ ಈಗ ಅಗತ್ಯವಾಗಿರುವುದಕ್ಕೆ ಬೇರೊಂದು ಕಾರಣವೂ ಇದೆ. ಪತ್ರಿಕೋದ್ಯಮ ಮತ್ತು ಸಂವಹನವನ್ನು ಅಭ್ಯಸಿಸುವ ವಿದ್ಯಾರ್ಥಿಗಳು ಒಂದು ಕಿರುಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ಯೋಜಿಸಿ ಒಪ್ಪಿಸುವಾಗ ಅದರೊಡನೆ ‘ಸಂಶೋಧನೆ’ ಎಂಬ ಒಂದು ಅಧ್ಯಾಯವನ್ನು ಸೇರಿಸುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ನೂರು ಮಂದಿಗೆ ಹಂಚಿದ ಪ್ರಶ್ನಾವಳಿ, ಅದರಿಂದ ಬಂದ ಶೇಕಡಾವಾರು ಅಂಕಿಗಳು, ನಾಲ್ಕಾರು ಗ್ರಂಥಗಳ ಹೆಸರುಗಳು, ಒಂದೆರಡು ಸಂದರ್ಶನಗಳು: ಅಧ್ಯಾಯ ಇಷ್ಟರಲ್ಲಿ ಮುಗಿಯುತ್ತದೆ. ಇಡೀ ಅಧ್ಯಾಯವನ್ನು ತೆಗೆದುಹಾಕಿ ಉಳಿದ ಯೋಜನೆಯನ್ನು ಓದಿದರೆ ಬಹುಮಟ್ಟಿಗೆ ಯಾವ ಕೊರತೆಯೂ ತೋರುವುದಿಲ್ಲ. ಮೊದಲೇ ನಿಶ್ಚಯಿಸಿದ್ದ ಕಥೆಗೆ ಆಮೇಲೆ ತೊಡಿಸಿದ ಅಂಗಿ ಅದು. ಅಧ್ಯಾಪಕರಾದ ನಾವೂ ಆ ಅಧ್ಯಾಯದ ಗಾತ್ರವನ್ನು ನೋಡಿ ಅಂಕಗಳನ್ನು ಕೊಡುತ್ತಿದ್ದೇವೆ. ಇಲ್ಲಿ ತಪ್ಪು ವಿದ್ಯಾರ್ಥಿಗಳದ್ದಕ್ಕಿಂತ ನಮ್ಮದೇ ಹೆಚ್ಚು. ಸಂಶೋಧನೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕೆಂಬುದನ್ನು ನಾವು ಸ್ಪಷ್ಟಪಡಿಸಿಕೊಂಡಿಲ್ಲ.

ಸೃಜನಾತ್ಮಕ ಕೃತಿಯ ಪೂರ್ವಸಿದ್ಧತೆಯಲ್ಲಿ ಸಂಶೋಧನೆಯ ಬೆಲೆ ಅದು ಕೂಡಿಹಾಕಿದ ಸಾಮಗ್ರಿಯಲ್ಲಿಲ್ಲ; ಅದರ ದೆಸೆಯಿಂದ ಯೋಜನೆಯಲ್ಲಿ ಯಾವುದು ಬದಲಾಯಿತು, ಯಾವುದು ಬಿಟ್ಟುಹೋಯಿತು ಎಂಬುದರಲ್ಲಿದೆ. ಇದು ಈ ಲೇಖನದ ಪ್ರತಿಪಾದನೆ. ಆಕರಗಳ ಶೋಧನೆ, ಕ್ಷೇತ್ರಕಾರ್ಯ, ಪ್ರೇಕ್ಷಕರ ಅಧ್ಯಯನ ಎಂಬ ಮೂರು ವಿಧಾನಗಳಿಂದ ಕೆಲವು ನಿದರ್ಶನಗಳನ್ನು ತೆಗೆದುಕೊಂಡು ಇದನ್ನು ಪರೀಕ್ಷಿಸಬಹುದು.

೨

ಮೊದಲನೆಯದಕ್ಕೆ ಸತ್ಯಜಿತ್ ರಾಯ್ ಅವರ ‘ಶತರಂಜ್ ಕೇ ಖಿಲಾಡಿ’ (೧೯೭೭) ಒಳ್ಳೆಯ ಉದಾಹರಣೆ. ಪ್ರೇಮಚಂದರ ಸಣ್ಣಕತೆಯೊಂದು ಇದಕ್ಕೆ ಮೂಲ. ೧೮೫೬ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಅವಧ್ ರಾಜ್ಯವನ್ನು ವಶಪಡಿಸಿಕೊಳ್ಳುವ ಹೊತ್ತಿನಲ್ಲಿ ಲಖನೌ ನಗರದ ಇಬ್ಬರು ಜಹಗೀರುದಾರರು ಚದುರಂಗದಲ್ಲಿ ಮುಳುಗಿ ಲೋಕವನ್ನೇ ಮರೆತಿರುವುದು ಕತೆಯ ವಸ್ತು. ಮೂಲದಲ್ಲಿ ದೊರೆ ವಾಜಿದ್ ಅಲೀ ಷಾ ಹಿನ್ನೆಲೆಯ ಒಂದು ಆಕೃತಿ ಮಾತ್ರ. ಚಿತ್ರದಲ್ಲಿ ಆತನ ಪದಚ್ಯುತಿಯು ಚದುರಂಗದ ಕಥೆಗೆ ಸಮಾನಾಂತರವಾದ ಎರಡನೆಯ ಕಥೆಯಾಗಿ ಬೆಳೆದಿದೆ. ಈ ಬೆಳವಣಿಗೆ ಕೇವಲ ಕಲ್ಪನೆಯಿಂದ ಸಾಧ್ಯವಾಗುವಂಥದಲ್ಲ. ೧೯೭೮ರಲ್ಲಿ ‘ಇಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಚಿತ್ರದ ವಿರುದ್ಧ ಆಕ್ಷೇಪಣೆ ಬಂದಾಗ ರಾಯ್ ಅವರು ಬರೆದ ಉತ್ತರದಲ್ಲಿ ತಾವು ನೋಡಿದ ಆಕರಗಳನ್ನು ಹೆಸರಿಸಿದರು. ಅವಧ್ ಸ್ವಾಧೀನಕ್ಕೆ ಸಂಬಂಧಿಸಿದ ಸರ್ಕಾರಿ ಕಾಗದಪತ್ರಗಳು, ಗವರ್ನರ್ ಜನರಲ್ ಡಾಲ್‌ಹೌಸಿಯ ಪತ್ರಗಳು, ಹಳೆಯ ಲಖನೌ ಜೀವನವನ್ನು ಕುರಿತ ಅಬ್ದುಲ್ ಹಲೀಂ ಶರರ್ ಅವರ ಗ್ರಂಥ ಮುಂತಾದುವು ಅದರಲ್ಲಿದ್ದುವು.

ಪಟ್ಟಿ ದೊಡ್ಡದು, ಆದರೆ ಪಟ್ಟಿಯಿಂದ ಚಿತ್ರದ ಸಮರ್ಥನೆಯಾಗುವುದಿಲ್ಲ. ಆಕರಗಳನ್ನು ಓದಿದ್ದೇನೆಂಬುದು ವಾಸ್ತವಾಂಶಗಳ ವಿಷಯದಲ್ಲಿ ಉತ್ತರವಾಗಬಹುದು. ಆ ಅಂಶಗಳಿಗೆ ಕಲಾವಿದನು ಕೊಟ್ಟ ಅರ್ಥದ ವಿಷಯದಲ್ಲಿ ಉತ್ತರವಾಗಲಾರದು. ನಾವು ನೋಡಬೇಕಾದದ್ದು ಆ ಓದು ಚಿತ್ರದೊಳಗೆ ಏನಾಯಿತು ಎಂಬುದನ್ನು.

ಅದು ಮೂರು ಬಗೆಯಾಗಿ ಒದಗಿದೆ. ಚಿತ್ರದ ಆರಂಭದಲ್ಲಿ ನಿರೂಪಕನ ಧ್ವನಿ ಅವಧ್‌ನ ಇತಿಹಾಸವನ್ನು ಹೇಳುತ್ತದೆ. ಈ ಭಾಗ ಸ್ವಾರಸ್ಯವಾಗಿದ್ದರೂ ಬಹುಮಟ್ಟಿಗೆ ಮಾಹಿತಿಯಾಗಿಯೇ ಉಳಿಯುತ್ತದೆ. ಆಕರಗಳ ಭಾರ ಇಲ್ಲಿ ಕಾಣುತ್ತದೆ. ಆದರೆ ಅದೇ ನಿರೂಪಣೆಯ ನಡುವೆ ಒಂದು ವ್ಯಂಗ್ಯಚಿತ್ರಮಾಲೆ ಬರುತ್ತದೆ. ೧೮೫೧ರಲ್ಲಿ ಬರೆದ ಪತ್ರವೊಂದರಲ್ಲಿ ಡಾಲ್‌ಹೌಸಿ ಅವಧ್ ರಾಜ್ಯವನ್ನು ಒಂದು ದಿನ ತಾನಾಗಿ ತಮ್ಮ ಬಾಯಿಗೆ ಬೀಳಲಿರುವ ಚೆರಿ ಹಣ್ಣಿಗೆ ಹೋಲಿಸಿದ್ದ. ಕಡತದಲ್ಲಿದ್ದ ಆ ಒಂದು ಮಾತನ್ನು ರಾಯ್ ಅವರು ಹಿಡಿದು, ಸಂಸ್ಥಾನಗಳು ಒಂದೊಂದಾಗಿ ಹಣ್ಣಾಗಿ ನುಂಗಲ್ಪಡುವ ಚಿತ್ರವನ್ನಾಗಿ ಮಾಡಿದರು. ಇಲ್ಲಿ ಆಕರವು ಮಾಹಿತಿಯ ಮಟ್ಟವನ್ನು ದಾಟಿ ರೂಪವಾಯಿತು.

ಮೂರನೆಯ ಬಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಲಖನೌ ರೆಸಿಡೆಂಟನಾದ ಔಟ್ರಮ್ ತನ್ನ ಕಚೇರಿಯಲ್ಲಿ ಕುಳಿತು, ದೊರೆಯು ಒಂದು ದಿನದಲ್ಲಿ ಗಂಟೆ ಗಂಟೆಗೆ ಏನೇನು ಮಾಡಿದನೆಂಬ ವರದಿಯನ್ನು ಗಟ್ಟಿಯಾಗಿ ಓದುತ್ತಾನೆ; ಪ್ರಾರ್ಥನೆ, ಗಾಳಿಪಟ, ಸಂಗೀತ, ಹೊಸದಾಗಿ ಕಟ್ಟಿದ ಕವಿತೆ. ಆಮೇಲೆ ಉರ್ದು ಬಲ್ಲ ತನ್ನ ಸಹಾಯಕ ವೆಸ್ಟನ್‌ನಿಂದ ದೊರೆಯ ಕವಿತೆಯನ್ನು ಹೇಳಿಸಿ, ಅನುವಾದವನ್ನು ಕೇಳಿ, ಅದರಲ್ಲಿ ಏನೂ ಕಾಣದೆ ಹೋಗುತ್ತಾನೆ. ಅವಧ್ ಸ್ವಾಧೀನವನ್ನು ಕುರಿತು ಸಂಶೋಧಕನಿಗೆ ಸುಲಭವಾಗಿ ಸಿಗುವ ದಾಖಲೆಗಳಲ್ಲಿ ಹೆಚ್ಚಿನವು ಗೆದ್ದವರು ಬರೆದಿಟ್ಟವು. ಅಂಥ ದಾಖಲೆಯ ಮಾತನ್ನು ನಿರೂಪಕನ ಬಾಯಲ್ಲಿ ಹಾಕಿದ್ದರೆ ಅದು ಸತ್ಯವೆಂಬಂತೆ ಕೇಳುತ್ತಿತ್ತು. ರಾಯ್ ಅವರು ಕಾಗದವನ್ನು ಔಟ್ರಮ್‌ನ ಕೈಯಲ್ಲಿಯೇ ಇಟ್ಟರು. ಅದರಿಂದ ವರದಿಯ ವಿಷಯದೊಡನೆ ಅದನ್ನು ಓದುವವನ ದೃಷ್ಟಿಯ ಮಿತಿಯೂ ಪ್ರೇಕ್ಷಕನಿಗೆ ಗೋಚರವಾಯಿತು. ಆಕರವನ್ನು ಬಳಸುವುದು ಒಂದು. ಆಕರದ ಪಕ್ಷಪಾತವನ್ನೇ ನಾಟಕೀಕರಿಸುವುದು ಇನ್ನೊಂದು. ಎರಡನೆಯದು ಸಂಶೋಧನೆಯ ನಿಜವಾದ ಫಲ.

ಮುಕ್ತಾಯವನ್ನು ನೋಡಿದರೂ ಇದೇ ತಿಳಿಯುತ್ತದೆ. ಪ್ರೇಮಚಂದರ ಕತೆಯಲ್ಲಿ ಆಟಗಾರರಿಬ್ಬರೂ ಕತ್ತಿ ಹಿರಿದು ಪರಸ್ಪರ ಕೊಂದುಕೊಳ್ಳುತ್ತಾರೆ. ಚಿತ್ರದಲ್ಲಿ ಅವರು ಸಾಯುವುದಿಲ್ಲ. ಜಗಳವಾಡಿ, ನಾಚಿ, ಇಂಗ್ಲಿಷರ ಪದ್ಧತಿಯಲ್ಲಿ ಮತ್ತೆ ಆಟಕ್ಕೆ ಕೂರುತ್ತಾರೆ. ರಾಜ್ಯ ಕಾದಾಟವಿಲ್ಲದೆ ಕೈಬಿಟ್ಟುಹೋಯಿತೆಂಬ ಚಾರಿತ್ರಿಕ ಸಂಗತಿಯ ಪಕ್ಕದಲ್ಲಿ ಇಬ್ಬರು ಜಹಗೀರುದಾರರ ವೀರಮರಣ ಹೊಂದದು. ದೊರೆಯ ಕಥೆಯನ್ನು ಒಳಕ್ಕೆ ತಂದ ಮೇಲೆ ಮೂಲದ ಮುಕ್ತಾಯ ಉಳಿಯುವುದು ಕಷ್ಟವಾಯಿತೆಂದು ನಮಗೆ ತೋರುತ್ತದೆ.

೩

ಎರಡನೆಯದು ಕ್ಷೇತ್ರಕಾರ್ಯ. ಸಾಕ್ಷ್ಯಚಿತ್ರಗಳ ಚರಿತ್ರೆಯಲ್ಲಿ ಮೊದಲ ಸಾಲಿನಲ್ಲಿ ಹೆಸರಿಸುವ ರಾಬರ್ಟ್ ಫ್ಲಾಹರ್ಟಿಯವರ ‘ನಾನೂಕ್ ಆಫ್ ದಿ ನಾರ್ತ್’ (೧೯೨೨) ಇಲ್ಲಿ ನಮಗೆ ಎರಡು ಪಾಠಗಳನ್ನು ಹೇಳುತ್ತದೆ. ಅವು ಪರಸ್ಪರ ವಿರುದ್ಧವಾದ ಪಾಠಗಳು.

ಫ್ಲಾಹರ್ಟಿ ಕೆನಡಾದ ಉತ್ತರ ಭಾಗದಲ್ಲಿ ಖನಿಜಗಳನ್ನು ಹುಡುಕುತ್ತ ವರ್ಷಗಟ್ಟಲೆ ಸಂಚರಿಸಿದವರು. ಆ ಸಂಚಾರಗಳಲ್ಲಿ ಇನ್ಯೂಟ್ ಜನರ ಬದುಕನ್ನು ಚಿತ್ರೀಕರಿಸಿದರು. ೧೯೧೬ರಲ್ಲಿ ಆ ಚಿತ್ರದ ಮೂಲ ಪ್ರತಿ ಬೆಂಕಿಗೆ ಆಹುತಿಯಾಯಿತು. ಉಳಿದ ಒಂದು ಪ್ರತಿಯನ್ನು ತೋರಿಸಿ ನೋಡಿದಾಗ ಅದು ಬರಿಯ ಪ್ರವಾಸದ ದೃಶ್ಯಗಳ ಜೋಡಣೆಯೆಂದು ಅವರಿಗೇ ಬೇಸರವಾಯಿತು. ಎರಡನೆಯ ಸಲ ಹೋದಾಗ ಒಂದು ಕುಟುಂಬವನ್ನೇ ಕೇಂದ್ರವಾಗಿಟ್ಟುಕೊಂಡು ಚಿತ್ರಿಸಲು ಅವರು ನಿಶ್ಚಯಿಸಿದರು. ತೆಗೆದ ದೃಶ್ಯಗಳನ್ನು ಅಲ್ಲಿಯೇ ಸಂಸ್ಕರಿಸಿ ಆ ಜನರಿಗೇ ತೋರಿಸುತ್ತಿದ್ದರು. ಮೊದಲ ಪ್ರಯತ್ನದ ಪರಿಶೀಲನೆಯಿಂದ ಎರಡನೆಯದರ ಯೋಜನೆ ಬದಲಾಯಿತು. ನಮ್ಮ ಅಳತೆಗೋಲಿಗೆ ಇದು ಒಪ್ಪುತ್ತದೆ.

ಆದರೆ ಅದೇ ಚಿತ್ರದಲ್ಲಿ ಕಡಲಸಿಂಹದ ಜಾತಿಗೆ ಹತ್ತಿರದ ವಾಲ್ರಸ್ ಎಂಬ ಪ್ರಾಣಿಯ ಬೇಟೆ ಈಟಿಯಿಂದ ನಡೆಯುತ್ತದೆ. ಆ ವೇಳೆಗೆ ಬಂದೂಕು ಆ ಜನರಿಗೆ ಪರಿಚಿತವಾಗಿತ್ತು. ನಾಯಕನ ನಿಜವಾದ ಹೆಸರು ಅಲ್ಲಾಕರಿಯಲ್ಲಾಕ್. ಹೆಂಡತಿಯಾಗಿ ಕಾಣಿಸಿಕೊಂಡವಳು ಅವನ ಹೆಂಡತಿಯಲ್ಲ. ಗ್ರಾಮಫೋನನ್ನು ಕಂಡು ಅವನು ಬೆರಗಾಗುವುದೂ ಅಭಿನಯವೇ. ಹಿಮದ ಮನೆಯನ್ನು ಅರ್ಧ ತೆರೆದಿಟ್ಟು ಒಳಗಿನ ದೃಶ್ಯಗಳನ್ನು ತೆಗೆದದ್ದನ್ನು ನಾವು ಈ ಸಾಲಿಗೆ ಸೇರಿಸಬೇಕಾಗಿಲ್ಲ. ಅಂದಿನ ಕ್ಯಾಮರಾಕ್ಕೆ ಬೆಳಕು ಸಾಲದಿದ್ದುದು ಅದಕ್ಕೆ ಕಾರಣ. ಅದು ಸಾಧನದ ಅಗತ್ಯ. ಈಟಿಯ ವಿಷಯ ಹಾಗಲ್ಲ. ಹೊರಗಿನ ಸಂಪರ್ಕಕ್ಕೆ ಮುಂಚಿನ ಬದುಕನ್ನು ತೋರಿಸಬೇಕೆಂಬ ತೀರ್ಮಾನವನ್ನು ಕರ್ತೃ ಮೊದಲೇ ಮಾಡಿದ್ದರು. ಕ್ಷೇತ್ರದಲ್ಲಿ ಕಂಡದ್ದು ಆ ತೀರ್ಮಾನಕ್ಕೆ ಪ್ರತಿಕೂಲವಾಗಿತ್ತು. ಆಗ ತೀರ್ಮಾನ ಬದಲಾಗಲಿಲ್ಲ, ಕಂಡದ್ದು ಬದಲಾಯಿತು.

ಫ್ಲಾಹರ್ಟಿಯವರಿಗೆ ತಿಳಿವಳಿಕೆ ಕಡಿಮೆಯಾಗಿತ್ತೆಂದು ಯಾರೂ ಹೇಳಲಾರರು. ವರ್ಷಗಟ್ಟಲೆ ಆ ಜನರೊಡನೆ ಇದ್ದವರು ಅವರು. ಆದ್ದರಿಂದಲೇ ಈ ನಿದರ್ಶನಕ್ಕೆ ಬೆಲೆ. ಕ್ಷೇತ್ರಕಾರ್ಯದ ದೀರ್ಘಾವಧಿಯೊಂದೇ ಅದರ ಪ್ರಾಮಾಣಿಕತೆಗೆ ಸಾಕ್ಷಿಯಾಗದೆಂಬುದು ಇದರಿಂದ ಸಿದ್ಧವಾಗುತ್ತದೆ. ಕಾಲ್ಪನಿಕ ಚಿತ್ರವು ಸಂಗತಿಗಳನ್ನು ಮಾರ್ಪಡಿಸಿದರೆ ಅದು ಕಲೆಯ ಸ್ವಾತಂತ್ರ್ಯ. ನೈಜವೆಂದು ಹೇಳಿಕೊಂಡು ಮಾರ್ಪಡಿಸಿದರೆ ಪ್ರೇಕ್ಷಕನೊಡನೆ ಮಾಡಿದ ಒಪ್ಪಂದವನ್ನು ಮುರಿದಂತೆ. ಚಿತ್ರದ ಸೌಂದರ್ಯವನ್ನು ಮೆಚ್ಚುತ್ತಲೇ ಈ ದೋಷವನ್ನು ಗುರುತಿಸುವುದು ವಿಮರ್ಶೆಯ ಕರ್ತವ್ಯ.

೪

ಮೂರನೆಯದಾದ ಪ್ರೇಕ್ಷಕರ ಅಧ್ಯಯನಕ್ಕೆ ನಮ್ಮ ಕಾವ್ಯಮೀಮಾಂಸೆಯಲ್ಲಿ ನೇರವಾದ ಸ್ಥಾನವಿಲ್ಲ. ನಮ್ಮವರು ಸಹೃದಯನನ್ನು ಸಿದ್ಧನಾಗಿ ನಿಂತವನೆಂದೇ ಗ್ರಹಿಸಿದರು. ಕಾವ್ಯದ ಪರಿಚಯದಿಂದ ಮನಸ್ಸು ನಿರ್ಮಲವಾದವನು ಅವನು. ಆದರೆ ನಾಲ್ಕು ವರ್ಷದ ಮಗು, ದೂರದರ್ಶನವನ್ನು ಹಿಂದೆಂದೂ ಕಾಣದ ಹಳ್ಳಿಯ ರೈತ, ಇವರು ಪ್ರೇಕ್ಷಕರಾದಾಗ ಸಹೃದಯತ್ವವನ್ನು ಹಾಗೆ ಮುಂಚಿತವಾಗಿ ಗ್ರಹಿಸುವಂತಿಲ್ಲ. ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.

ಅಮೆರಿಕದಲ್ಲಿ ಶಾಲೆಗೆ ಸೇರುವ ಮುನ್ನಿನ ವಯಸ್ಸಿನ ಮಕ್ಕಳಿಗಾಗಿ ೧೯೬೯ರ ನವೆಂಬರ್ ೧೦ರಂದು ಆರಂಭವಾದ ‘ಸೆಸಮಿ ಸ್ಟ್ರೀಟ್’ ಎಂಬ ದೂರದರ್ಶನ ಮಾಲೆಯಲ್ಲಿ ಈ ಕೆಲಸ ಕ್ರಮಬದ್ಧವಾಗಿ ನಡೆಯಿತು. ಶಿಕ್ಷಣತಜ್ಞರು, ಮನಶ್ಶಾಸ್ತ್ರಜ್ಞರು, ಬರಹಗಾರರು, ನಿರ್ಮಾಪಕರು ೧೯೬೮ರ ಬೇಸಗೆಯಲ್ಲಿ ಗೋಷ್ಠಿಗಳಲ್ಲಿ ಕೂಡಿ ಪಾಠದ ಗುರಿಗಳನ್ನು ಚರ್ಚಿಸಿದರು. ಸಂಶೋಧನ ವಿಭಾಗದ ಮುಖ್ಯಸ್ಥರಾದ ಎಡ್ವರ್ಡ್ ಪಾಮರ್ ಒಂದು ಸರಳವಾದ ಪರೀಕ್ಷೆಯನ್ನು ರೂಪಿಸಿದರು. ಮಗುವಿನ ಮುಂದೆ ಕಾರ್ಯಕ್ರಮ ನಡೆಯುತ್ತಿರುವಾಗ ಪಕ್ಕದ ತೆರೆಯ ಮೇಲೆ ಏಳೂವರೆ ಸೆಕೆಂಡಿಗೊಮ್ಮೆ ಬೇರೆ ಬೇರೆ ಚಿತ್ರಗಳು ಬದಲಾಗುತ್ತಿದ್ದುವು. ಮಗುವಿನ ಕಣ್ಣು ಎತ್ತ ತಿರುಗಿತೆಂಬುದನ್ನು ವೀಕ್ಷಕರು ಗುರುತುಮಾಡಿಕೊಳ್ಳುತ್ತಿದ್ದರು.

ಪ್ರಸಾರಕ್ಕೆ ಮುಂಚೆ, ೧೯೬೯ರ ಜುಲೈಯಲ್ಲಿ, ಪರೀಕ್ಷೆಗೆಂದೇ ತಯಾರಿಸಿದ ಐದು ಕಾರ್ಯಕ್ರಮಗಳನ್ನು ಮಕ್ಕಳಿಗೆ ತೋರಿಸಿದಾಗ ಒಂದು ದೋಷ ಬೆಳಕಿಗೆ ಬಂತು. ಬೊಂಬೆಗಳಿರುವ ಭಾಗಗಳನ್ನು ಮಕ್ಕಳು ತದೇಕಚಿತ್ತದಿಂದ ನೋಡಿದರು. ಬೀದಿಯಲ್ಲಿ ಮನುಷ್ಯರು ಮಾತ್ರ ಮಾತಾಡುವ ಭಾಗ ಬಂದೊಡನೆ ಅವರ ಗಮನ ಚೆದುರಿತು. ಕಲ್ಪನೆಯನ್ನೂ ವಾಸ್ತವವನ್ನೂ ಬೆರೆಸಿದರೆ ಮಕ್ಕಳಿಗೆ ಗೊಂದಲವಾಗುವುದೆಂದು ತಜ್ಞರು ಸಲಹೆ ಕೊಟ್ಟಿದ್ದುದರಿಂದಲೇ ಬೊಂಬೆಗಳನ್ನು ಬೀದಿಯಿಂದ ದೂರವಿಡಲಾಗಿತ್ತು. ನಿರ್ಮಾಪಕರು ಆ ಸಲಹೆಯನ್ನು ಬದಿಗಿಟ್ಟು, ಬಿಗ್ ಬರ್ಡ್ ಎಂಬ ಎತ್ತರದ ಹಕ್ಕಿಯನ್ನೂ ಕಸದ ಡಬ್ಬಿಯಲ್ಲಿ ವಾಸಿಸುವ ಆಸ್ಕರ್ ಎಂಬ ಸಿಡುಕನನ್ನೂ ಬೀದಿಗೇ ತಂದರು.

ಈ ಪ್ರಸಂಗದಲ್ಲಿ ಗಮನಿಸಬೇಕಾದ ಅಂಶಗಳು ಎರಡು. ತಜ್ಞರ ಮತವೂ ಸಂಶೋಧನೆಯೇ. ಆದರೆ ಪ್ರತ್ಯಕ್ಷ ಪರೀಕ್ಷೆಯ ಮುಂದೆ ಅದು ನಿಲ್ಲಲಿಲ್ಲ. ಎರಡನೆಯದಾಗಿ, ಬೀದಿಯ ದೃಶ್ಯಗಳು ಸಪ್ಪೆಯಾಗಿವೆಯೆಂದಷ್ಟೇ ಪರೀಕ್ಷೆ ಹೇಳಿತು. ಹಕ್ಕಿಯೊಂದನ್ನು ಸೃಷ್ಟಿಸಿರೆಂದು ಹೇಳಲಿಲ್ಲ. ದೋಷವನ್ನು ತೋರಿಸಿದ್ದು ವ್ಯುತ್ಪತ್ತಿ. ಪರಿಹಾರವನ್ನು ಕಂಡದ್ದು ಪ್ರತಿಭೆ. ಎರಡರ ನಡುವಣ ಗಡಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನಗಳು ವಿರಳ.

ಕಣ್ಣು ನಿಂತಿತೆಂದ ಮಾತ್ರಕ್ಕೆ ಅರ್ಥವಾಯಿತೆಂದು ಹೇಳಲಾಗದು. ಇದನ್ನು ಆ ಸಂಸ್ಥೆಯವರೇ ಒಪ್ಪಿಕೊಂಡರು. ತಂದೆತಾಯಿಗಳ ವಿವಾಹವಿಚ್ಛೇದನವನ್ನು ಕುರಿತು ಅವರು ಒಂದು ಕಾರ್ಯಕ್ರಮವನ್ನು ಸಿದ್ಧಪಡಿಸಿ, ೧೯೯೨ರಲ್ಲಿ ಅದನ್ನು ಪ್ರಸಾರಕ್ಕೆ ಮುಂಚೆ ಕೆಲವು ಮಕ್ಕಳಿಗೆ ತೋರಿಸಿದರು. ಬೊಂಬೆಯ ಮನೆಯಲ್ಲಿ ತಂದೆ ಬೇರೆ ಹೋದರೂ ಪ್ರೀತಿ ಹೋಗಿಲ್ಲವೆಂಬುದು ಕಾರ್ಯಕ್ರಮದ ಆಶಯ. ಮಕ್ಕಳಲ್ಲಿ ಹಲವರಿಗೆ ಅದು ತಿಳಿಯಲಿಲ್ಲ. ಜಗಳವಾದರೆ ತಂದೆತಾಯಿಗಳು ಅಗಲಿಯೇಬಿಡುತ್ತಾರೆಂಬ ಭಯ ಹುಟ್ಟಿತು. ತಯಾರಾಗಿದ್ದ ಕಾರ್ಯಕ್ರಮವನ್ನು ಪ್ರಸಾರ ಮಾಡದೆ ಬಿಟ್ಟರು. ಖರ್ಚಾದ ಹಣ, ಪಟ್ಟ ಶ್ರಮ ಇವನ್ನು ನೋಡದೆ ಹಾಗೆ ಬಿಟ್ಟದ್ದೇ ಅವರ ಸಂಶೋಧನೆಯು ಅಲಂಕಾರಕ್ಕಾಗಿ ಇರಲಿಲ್ಲವೆಂಬುದಕ್ಕೆ ಪ್ರಮಾಣ.

೫

ಈ ಮಾತು ದೂರದ ದೇಶಕ್ಕೆ ಮಾತ್ರ ಸೇರಿದುದಲ್ಲ. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಭಾರತದಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನವನ್ನು ತಲಪಿಸುವ ‘ಸೈಟ್’ ಎಂಬ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳು ಅದರಲ್ಲಿ ಸೇರಿದ್ದುವು. ಕರ್ನಾಟಕದಿಂದ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದುವು. ಕನ್ನಡದ ಕಾರ್ಯಕ್ರಮಗಳ ತಯಾರಿಕೆಯ ಕೇಂದ್ರವಿದ್ದುದು ಹೈದರಾಬಾದಿನಲ್ಲಿ. ತಯಾರಿಸುವವರ ಊರಿಗೂ ನೋಡುವವರ ಊರಿಗೂ ನಡುವೆ ಇದ್ದ ಅಂತರ ಮೈಲಿಗಳ ಅಂತರ ಮಾತ್ರವಾಗಿರಲಿಲ್ಲ. ಬಿಜಾಪುರದ ಒಕ್ಕಲಿಗನ ನುಡಿ, ಅವನ ಬೆಳೆ, ಬಿತ್ತನೆಯ ಹದ, ಮಳೆಯ ಲೆಕ್ಕ, ಇವು ನಗರದ ಬರಹಗಾರನಿಗೆ ಪುಸ್ತಕದಿಂದ ಸಿಗುವಂಥವಲ್ಲ. ಆದ್ದರಿಂದ ಪ್ರೇಕ್ಷಕರ ಸ್ಥಿತಿಗತಿಗಳ ಸಮೀಕ್ಷೆ, ಅವರ ಅಗತ್ಯಗಳ ಅಧ್ಯಯನ, ಕಾರ್ಯಕ್ರಮಗಳ ಪೂರ್ವಪರೀಕ್ಷೆ ಇವು ಆ ಪ್ರಯೋಗದ ಅಂಗಗಳಾಗಿದ್ದುವು. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ನೆಲಸಿ ಅಧ್ಯಯನ ನಡೆಸಿದರು. ಸೃಜನಾತ್ಮಕ ತಯಾರಿಕೆಗೆ ಸಮಾಜವಿಜ್ಞಾನವನ್ನು ಜೊತೆಗೂಡಿಸಬಹುದೆಂಬ ವಿಚಾರಕ್ಕೆ ನಮ್ಮ ನಾಡಿನಲ್ಲಿ ಸಿಕ್ಕಿದ ದೊಡ್ಡ ಪ್ರಯೋಗಶಾಲೆ ಅದು. ನಮ್ಮ ವಿದ್ಯಾರ್ಥಿಗಳು ಪಾಶ್ಚಾತ್ಯ ಪಠ್ಯಪುಸ್ತಕಗಳಿಂದ ಕಲಿಯುವ ವಿಧಾನಗಳಲ್ಲಿ ಕೆಲವಕ್ಕೆ ಹೀಗೆ ಹತ್ತಿರದಲ್ಲಿಯೇ ಒಂದು ಪೂರ್ವೇತಿಹಾಸವಿದೆಯೆಂಬುದನ್ನು ತರಗತಿಗಳಲ್ಲಿ ಹೇಳುವುದು ಉಚಿತ.

೬

ಇಷ್ಟರ ಮೇಲೆ ಎರಡು ಆಕ್ಷೇಪಗಳು ಏಳಬಹುದು. ಪ್ರೇಕ್ಷಕರನ್ನು ಕೇಳಿ ಕೇಳಿ ಕೃತಿಯನ್ನು ತಿದ್ದುತ್ತ ಹೋದರೆ ಕಲಾವಿದನು ಅವರ ರುಚಿಗೆ ದಾಸನಾಗುವುದಿಲ್ಲವೆ ಎಂಬುದು ಮೊದಲನೆಯದು. ಎಷ್ಟು ಮಂದಿ ನೋಡಿದರೆಂಬ ಲೆಕ್ಕವೇ ಗುಣದ ಲೆಕ್ಕವಾಗಿರುವ ಈ ದಿನಗಳಲ್ಲಿ ಈ ಭಯ ನಿರಾಧಾರವಲ್ಲ. ಆದರೆ ಪ್ರೇಕ್ಷಕನಿಗೆ ಏನು ಬೇಕೆಂದು ಕೇಳುವುದು ಬೇರೆ, ತಾನು ಹೇಳಬಯಸಿದ್ದು ಅವನನ್ನು ಮುಟ್ಟಿತೆ ಎಂದು ಪರೀಕ್ಷಿಸುವುದು ಬೇರೆ. ಮೊದಲನೆಯದು ವ್ಯಾಪಾರ; ಎರಡನೆಯದು ಹೊಣೆಗಾರಿಕೆ. ಮೇಲಿನ ಮಕ್ಕಳ ಮಾಲೆಯವರು ತಮ್ಮ ಪಾಠದ ಗುರಿಯನ್ನು ಮಕ್ಕಳಿಂದ ಕೇಳಿ ನಿಶ್ಚಯಿಸಲಿಲ್ಲ. ಗುರಿಯನ್ನು ಮುಟ್ಟುವ ದಾರಿಯನ್ನು ಮಾತ್ರ ಮಕ್ಕಳ ಮುಂದೆ ಪರೀಕ್ಷಿಸಿದರು.

ಬದಲಾವಣೆಯನ್ನೇ ಅಳತೆಗೋಲಾಗಿ ಮಾಡಿದರೆ, ಮೊದಲೇ ಸರಿಯಾಗಿ ಊಹಿಸಿದವನಿಗೆ ಅನ್ಯಾಯವಾಗುವುದಿಲ್ಲವೆ ಎಂಬುದು ಎರಡನೆಯದು. ಊಹೆ ಸರಿಯೆಂದು ತೋರಿದ್ದರೆ ಸಂತೋಷವೇ; ಆದರೆ ಅದು ತಪ್ಪಾಗುವುದಕ್ಕೆ ಅವಕಾಶವಿದ್ದ ಪರೀಕ್ಷೆಯನ್ನು ಅವನು ನಡೆಸಿದ್ದನೆಂಬುದು ಕಾಣಬೇಕು. ನೀರಿನ ಅಭಾವವನ್ನು ಕುರಿತು ಚಿತ್ರ ತೆಗೆಯುವವನು ನೂರು ಮಂದಿಯನ್ನು “ನೀರು ಮುಖ್ಯವೆ?” ಎಂದು ಕೇಳಿದರೆ ಬರುವ ಉತ್ತರ ಕೇಳುವ ಮುನ್ನವೇ ಗೊತ್ತಿರುವಂಥದು. ಊರಿನ ಬಾವಿಗೆ ಯಾರು ಯಾವ ಹೊತ್ತಿಗೆ ಬರುತ್ತಾರೆ, ಯಾರು ಬರುವುದಿಲ್ಲ, ಏಕೆ ಬರುವುದಿಲ್ಲ ಎಂದು ಒಂದು ವಾರ ಕುಳಿತು ನೋಡಿದರೆ ಅವನ ಚಿತ್ರದ ನಾಯಕನೇ ಬದಲಾಗಬಹುದು.

ಆದ್ದರಿಂದ ಸಹೋದ್ಯೋಗಿಗಳ ಪರಿಶೀಲನೆಗಾಗಿ ಒಂದು ಸಲಹೆ. ವಿದ್ಯಾರ್ಥಿಯ ಯೋಜನೆಯಲ್ಲಿ ಸಂಶೋಧನೆಯ ಅಧ್ಯಾಯಕ್ಕೆ ಬದಲಾಗಿ ಮೂರು ಸಂಗತಿಗಳನ್ನು ಕೇಳೋಣ: ಕೆಲಸಕ್ಕೆ ತೊಡಗುವ ಮುನ್ನ ಅವನು ಏನನ್ನು ನಂಬಿದ್ದ, ಆ ನಂಬಿಕೆಗೆ ವಿರುದ್ಧವಾಗಿ ಏನನ್ನು ಕಂಡ, ಅದರಿಂದ ಯಾವ ದೃಶ್ಯವನ್ನು, ಪಾತ್ರವನ್ನು, ಮಾತನ್ನು ಕೈಬಿಟ್ಟ ಅಥವಾ ತಿದ್ದಿದ. ಅಂಕಗಳಿಗಾಗಿ ಬದಲಾವಣೆಗಳನ್ನು ಕಟ್ಟಿ ಬರೆಯುವ ಸಂಭವವಿರುವುದರಿಂದ, ದಿನಾಂಕ ಹಾಕಿದ ಕರಡುಗಳನ್ನೂ ಒಪ್ಪಿಸುವಂತೆ ಮಾಡಬೇಕು. ಮೊದಲ ಕರಡಿಗೂ ಕೊನೆಯ ಕರಡಿಗೂ ಇರುವ ವ್ಯತ್ಯಾಸವನ್ನು ಓದುವುದರಲ್ಲಿ ಅಧ್ಯಾಪಕನ ಕೆಲಸ ಹೆಚ್ಚಾಗುವುದು ನಿಜ. ಆದರೆ ಪುಟಗಳನ್ನು ಎಣಿಸುವುದಕ್ಕಿಂತ ಅದು ನಮ್ಮ ವೃತ್ತಿಗೆ ಹೆಚ್ಚು ಒಪ್ಪುವ ಕೆಲಸ.

ಹಿಂದಿನವರು ವ್ಯುತ್ಪತ್ತಿಯನ್ನು ಪ್ರತಿಭೆಯ ಜೊತೆಯಲ್ಲಿ ಎಣಿಸಿದರು. ಅದಕ್ಕೆ ಅಡಿಟಿಪ್ಪಣಿಯ ಸ್ಥಾನವನ್ನು ಕೊಡಲಿಲ್ಲ. ಅವರು ಕೊಟ್ಟ ಸ್ಥಾನವನ್ನು ಹೊಸ ಮಾಧ್ಯಮಗಳ ಬೋಧನೆಯಲ್ಲಿಯೂ ಉಳಿಸಿಕೊಳ್ಳುವುದು ಹೇಗೆಂಬುದನ್ನು ವಿದ್ವಾಂಸರು ಮುಂದೆ ವಿವರವಾಗಿ ಚರ್ಚಿಸಬೇಕೆಂದು ಕೋರುತ್ತೇವೆ.